ಕೂದಲು ಬಂದ ಮೇಲೆ

ನಮ್ಮ ದೊಡ್ಡಮ್ಮನಿಗೆ ಬೀದಿಯವರು ಇಟ್ಟ ಹೆಸರು ಟೋಪಿ ಅಕ್ಕ. ಕೂದಲಿಲ್ಲದವರಿಗೆ ಕೂದಲು ಮಾಡಿಕೊಡುವುದು ಅವಳ ಕಸುಬು. ಜನ ಅದನ್ನು ವಿಗ್ ಎನ್ನುತ್ತಾರೆ, ಅವಳು ಮಾತ್ರ ಮೊದಲಿನಿಂದಲೂ ಟೋಪಿ ಎಂದೇ ಹೇಳುತ್ತಾಳೆ. “ಊರಿಗೆಲ್ಲ ಟೋಪಿ ಹಾಕಿ ಹೊಟ್ಟೆ ಹೊರಕೊಳ್ಳೋಳು ನಾನು. ಆದ್ರೂ ಇಷ್ಟು ವರ್ಷದಲ್ಲಿ ಒಬ್ಬರಾದ್ರೂ ಪೊಲೀಸರ ಹತ್ರ ಹೋದ್ರಾ ನೋಡು” ಎಂದು ಅವಳೇ ನಗುತ್ತಾಳೆ. ಅವಳು ನಕ್ಕರೆ ಹೊಟ್ಟೆ ಕುಲುಕುತ್ತದೆ, ಕೈ ಮಾತ್ರ ಅಲುಗುವುದಿಲ್ಲ.

ನಮ್ಮ ಅಂಗಡಿ ಎರಡು ಭಾಗ. ಮುಂದಿನದು ನನ್ನದು. ಎರಡು ಕುರ್ಚಿ, ಗೋಡೆಯುದ್ದದ ಕನ್ನಡಿ, ಹೆಂಗಸರ ಕೂದಲು ಕತ್ತರಿಸಿ ಬಣ್ಣ ಹಚ್ಚುವ ಕೆಲಸ, ಅದರ ಜೊತೆಗೆ ಬೀದಿಯ ಅಷ್ಟೂ ಸುದ್ದಿ. ನಡುವೆ ಒಂದು ದಪ್ಪ ಹಸಿರು ಪರದೆ. ಪರದೆಯ ಆಚೆ ದೊಡ್ಡಮ್ಮನ ಕೋಣೆ. ಅಲ್ಲಿ ಕಪಾಟಿನ ಮೇಲೆ ಸಾಲಾಗಿ ಮರದ ತಲೆಗಳು, ಕಿಟಕಿಯ ಪಕ್ಕ ಒಂದು ಮೇಜು, ಮೇಜಿನ ಮೇಲೆ ತೆಳ್ಳನೆಯ ಬಲೆ, ಕೊಕ್ಕೆಯಂಥ ತುದಿಯ ಸೂಜಿ. ಆ ಬಲೆಯ ಒಂದೊಂದು ಕಣ್ಣಿಗೂ ಒಂದೊಂದೇ ಕೂದಲನ್ನು ಗಂಟು ಹಾಕುತ್ತ ಅವಳ ಬೆನ್ನು ಬಾಗಿಹೋಗಿದೆ. ಹಿಂದೆ ಟಯರ್ ಅಂಗಡಿಯ ಓಣಿಗೆ ತೆರೆಯುವ ಒಂದು ಪುಟ್ಟ ಬಾಗಿಲಿದೆ. ಟೋಪಿಯ ಗಿರಾಕಿಗಳು ಬರುವುದು ಆ ಬಾಗಿಲಿನಿಂದ. ಒಳಗೆ ಬಂದವರು ಯಾರು, ಅವರ ತಲೆ ಹೇಗಿದೆ ಎನ್ನುವ ಮಾತು ಪರದೆ ದಾಟಿ ಈಚೆ ಬರಬಾರದು. ಅವಳಿಗಿದ್ದ ನಿಯಮ ಅದೊಂದೇ. ಅದನ್ನು ಅವಳು ಯಾವತ್ತೂ ಮುರಿಯಲಿಲ್ಲ, ಒಂದು ಸಲ ಬಿಟ್ಟು. ನಾನೀಗ ಹೇಳಹೊರಟಿರುವುದು ಆ ಒಂದು ಸಲದ ಕತೆಯನ್ನೇ.

ಹಿಂಬಾಗಿಲಿನಿಂದ ಬರುತ್ತಿದ್ದವರಲ್ಲಿ ದೊಡ್ಡ ಬಟ್ಟೆ ಅಂಗಡಿಯ ಸಾಹುಕಾರನೂ ಒಬ್ಬ. ಊರಿನಲ್ಲಿ ಅವನ ಕ್ರಾಪಿನದೇ ಒಂದು ಮಾತು. ಈ ವಯಸ್ಸಿನಲ್ಲೂ ಎಂಥ ದಟ್ಟ ಕೂದಲು, ಪುಣ್ಯವಂತ ಎಂದು ನನ್ನ ಕುರ್ಚಿಯಲ್ಲಿ ಕೂತ ಹೆಂಗಸರೇ ಹೇಳುತ್ತಿದ್ದರು. ನಾನು ಬಾಯಿಗೆ ಬೀಗ ಹಾಕಿಕೊಂಡು ಕತ್ತರಿ ಆಡಿಸುತ್ತಿದ್ದೆ. ಆ ಪುಣ್ಯವೆಲ್ಲ ವಾರಕ್ಕೊಮ್ಮೆ ನಮ್ಮ ಹಿಂದಿನ ಕೋಣೆಯ ಬಕೆಟ್ಟಿನಲ್ಲಿ ನೆನೆಯುತ್ತಿತ್ತು. ದೊಡ್ಡಮ್ಮ ಅದನ್ನು ತೊಳೆದು, ಒಣಗಿಸಿ, ಬಾಚಿ, ಅಂಟು ಹಚ್ಚಿ ಮತ್ತೆ ಅವನ ನುಣ್ಣನೆಯ ತಲೆಯ ಮೇಲೆ ಕೂರಿಸಿ ಕಳಿಸುತ್ತಿದ್ದಳು.

ಅದೇ ಬಟ್ಟೆ ಅಂಗಡಿಯಲ್ಲಿ ಹೆಂಗಸರ ಬಟ್ಟೆಯ ಕೌಂಟರಿನಲ್ಲಿ ನಮ್ಮಮ್ಮ ಕೆಲಸ ಮಾಡುತ್ತಿದ್ದಳು. ದೊಡ್ಡಮ್ಮನ ಒಬ್ಬಳೇ ತಂಗಿ. ಸಂಜೆ ಬಂದು ಅಕ್ಕನ ಜೊತೆ ಗಂಟು ಹಾಕಲು ಕೂರುತ್ತಿದ್ದವಳಿಗೆ ಸಾಹುಕಾರನ ತಲೆಯ ಗುಟ್ಟು ಗೊತ್ತಿತ್ತು. ಅವನಿಗೆ ಮಾತ್ರ ಇವರಿಬ್ಬರು ಅಕ್ಕತಂಗಿಯರೆಂಬುದು ಗೊತ್ತಿರಲಿಲ್ಲ. ಗೊತ್ತಾದರೆ ಹೆದರಿ ಬೇರೆ ಊರಿಗೆ ಹೋಗಿಬಿಡುತ್ತಾನೆ, ಒಳ್ಳೆ ಗಿರಾಕಿ ಕೈತಪ್ಪುತ್ತಾನೆ ಎಂದು ಇಬ್ಬರೂ ಸುಮ್ಮನಿದ್ದರು. “ಬೆಳಿಗ್ಗೆ ಫ್ಯಾನ್ ಕೆಳಗೆ ನಿಂತಿದ್ರು ಕಣೇ. ಹಾರಿಹೋಗುತ್ತೇನೋ ಅಂತ ನನ್ನ ಜೀವ ಬಾಯಿಗೆ ಬಂತು” ಎಂದು ಅಮ್ಮ ಹೇಳುತ್ತಿದ್ದಳು. ದೊಡ್ಡಮ್ಮ ಕೂಡಲೇ, “ನನ್ನ ಅಂಟು ಅಂದ್ರೆ ಏನಂದ್ಕೊಂಡೆ? ಮನುಷ್ಯ ಹಾರಿಹೋದಾನು, ಟೋಪಿ ಹಾರಲ್ಲ” ಎನ್ನುತ್ತಿದ್ದಳು.

ಆಮೇಲೆ ಅಮ್ಮನಿಗೆ ಕ್ಯಾನ್ಸರ್ ಬಂತು. ಔಷಧಿ ಶುರುವಾದರೆ ಕೂದಲು ಉದುರುತ್ತದೆ ಎಂದು ಡಾಕ್ಟರು ಹೇಳಿದ ದಿನವೇ ಅಮ್ಮ ನೆಟ್ಟಗೆ ಅಂಗಡಿಗೆ ಬಂದು ನನ್ನ ಕುರ್ಚಿಯಲ್ಲಿ ಕೂತು ಜಡೆ ಬಿಚ್ಚಿದಳು. ಸೊಂಟ ಮುಟ್ಟುತ್ತಿದ್ದ, ಸ್ವಲ್ಪ ಅಲೆಯಲೆಯಾಗಿದ್ದ, ಕಪ್ಪೆಂದರೆ ಕಪ್ಪು ಕೂದಲು. “ಉದುರಿ ಚರಂಡಿ ಪಾಲಾಗೋಕೆ ಮೊದ್ಲು ಕತ್ತರಿಸಿಬಿಡೇ. ಅಕ್ಕನಿಗಾದ್ರೂ ಉಪಯೋಗ ಆಗ್ಲಿ” ಎಂದಳು. ನನ್ನ ಕೈ ಬರಲಿಲ್ಲ. ದೊಡ್ಡಮ್ಮ ಪರದೆ ಸರಿಸಿ ಬಂದು, ನನ್ನ ಕೈಯಿಂದ ಕತ್ತರಿ ತೆಗೆದುಕೊಂಡು, ತಾನೇ ಕತ್ತರಿಸಿದಳು. ಕತ್ತರಿಸಿದ್ದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಎತ್ತಿಟ್ಟಳು.

ಅದರಲ್ಲಿ ಹೆಚ್ಚಿನ ಪಾಲು ಅಮ್ಮನಿಗೇ ಒಂದು ಟೋಪಿಯಾಯಿತು. ಉಳಿದದ್ದು ಬಟ್ಟೆಯೊಳಗಿತ್ತು. ಅಷ್ಟರಲ್ಲಿ ಸಾಹುಕಾರ ಬಂದು, ತನ್ನದು ಹಳತಾಯಿತು, ಹೊಸದು ಬೇಕು, ಈ ಸಲ ಒಳ್ಳೆ ಜಾತಿಯ ಕೂದಲೇ ಆಗಬೇಕು ಎಂದು ಕೂತ. ದೊಡ್ಡಮ್ಮ ಇಲ್ಲವೆಂದಳು. ಅವನು ಹೋದ ಮೇಲೆ, ಪರದೆಯ ಈಚೆ ಕೂತಿದ್ದ ಅಮ್ಮನೇ ಒಳಗೆ ಹೋಗಿ ಅವಳನ್ನು ಒಪ್ಪಿಸಿದಳು. “ಅಕ್ಕಾ, ನನ್ನದನ್ನೇ ಹಾಕ್ಬಿಡೇ. ಇಷ್ಟು ವರ್ಷ ಆ ಮನುಷ್ಯ ನನ್ನ ತಲೆ ಮೇಲೆ ಕೂತಿದ್ದ. ಇನ್ಮೇಲೆ ನಾನು ಅವನ ತಲೆ ಮೇಲೆ ಕೂತ್ಕೋತೀನಿ!” ಆ ಮಾತಿಗೆ ಮೂವರೂ ಅದೆಷ್ಟು ನಕ್ಕೆವೆಂದರೆ, ಮುಂದೆ ಕೂತಿದ್ದ ಗಿರಾಕಿ ಏನಾಯಿತೆಂದು ಪರದೆಯೊಳಗೆ ಇಣುಕಿದಳು. ಕಾಯಿಲೆ ಬಂದ ಮೇಲೆ ಅಮ್ಮ ಹಾಗೆ ನಕ್ಕದ್ದು ಅದೇ ಕೊನೆ ಇರಬೇಕು.

ಅಮ್ಮನಿಗೆ ತನ್ನ ಟೋಪಿಯನ್ನು ಹಾಕಿಕೊಳ್ಳಲಾಗಲಿಲ್ಲ. ಔಷಧಿಯ ಕಾವಿಗೆ ಅವಳ ನೆತ್ತಿ ಕೆಂಪಾಗಿ, ಬಲೆ ತಾಗಿದರೆ ಸಾಕು, ಉರಿಯುತ್ತಿತ್ತು. ಮೆತ್ತನೆಯ ಹತ್ತಿ ಬಟ್ಟೆಯೊಂದನ್ನು ತಲೆಗೆ ಕಟ್ಟಿಕೊಂಡು ಕೆಲಸಕ್ಕೆ ಹೋದಳು. ಕೌಂಟರಿನ ಹಿಂದೆ ನಿಂತು, ಥಾನು ಬಿಚ್ಚಿ ತೋರಿಸಿ, ಮಡಿಸಿ, ಎಂದಿನಂತೆಯೇ ವ್ಯಾಪಾರ ಮಾಡಿದಳು. ಹೀಗೇ ಸ್ವಲ್ಪ ದಿನ ನಡೆಯಿತು. ಒಂದು ಮಧ್ಯಾಹ್ನ ಸಾಹುಕಾರ ಅವಳನ್ನು ಬಟ್ಟೆ ತೊಟ್ಟು ನೋಡುವ ಕೋಣೆಯ ಹತ್ತಿರ ಕರೆದ.

“ನೋಡಮ್ಮ, ತಪ್ಪು ತಿಳ್ಕೋಬೇಡ. ಬಟ್ಟೆ ಕೊಳ್ಳೋರು ಖುಷಿಯಾಗಿ ಬಂದಿರ್ತಾರೆ. ನಿನ್ನ ತಲೆ ನೋಡಿದ್ರೆ ಅವರಿಗೆ ಆಸ್ಪತ್ರೆ ನೆನಪಾಗುತ್ತೆ. ಮನೇಲಿರು. ಕೂದಲು ಬಂದ ಮೇಲೆ ಬಾ.”

ಇಷ್ಟು ಹೇಳಿ, ಪಕ್ಕದ ಕನ್ನಡಿ ನೋಡಿಕೊಂಡು ಬೆರಳಿನಿಂದ ಮುಂಗೂದಲು ತೀಡಿಕೊಂಡನಂತೆ. ಅದು ಅಮ್ಮನ ಕೂದಲು. ಅದನ್ನೇ ತೀಡಿಕೊಳ್ಳುತ್ತ ಅವಳಿಗೆ ಕೂದಲಿಲ್ಲವೆಂದು ಹೇಳಿ ಕಳಿಸಿದ.

ಅಮ್ಮ ಮನೆಗೆ ಬಂದು ಇದನ್ನು ಹೇಳುವಾಗ ಅಳಲಿಲ್ಲ. ನನಗೆ ಮೈಯೆಲ್ಲ ಹೊತ್ತಿಕೊಂಡಿತು. ಅಂಗಡಿಗೆ ಹೋಗಿ ಎಲ್ಲರೆದುರು ಅವನ ತಲೆಗೆ ಕೈ ಹಾಕುತ್ತೇನೆಂದು ಚಪ್ಪಲಿ ಮೆಟ್ಟಿದೆ. ಅಮ್ಮನೇ ಬಾಗಿಲಿಗೆ ಅಡ್ಡ ನಿಂತಳು. “ಹುಚ್ಚು ಹುಡುಗಿ. ನಿಮ್ಮ ದೊಡ್ಡಮ್ಮನ ಕಸುಬು ಹಾಳಾಗುತ್ತೆ. ಕೂದಲು ಬರುತ್ತೆ ಬಿಡೇ, ಅದೇನು ಬೇಡಿ ತರಬೇಕಾ?”

ಅವಳು ಆ ಮಾತನ್ನು ನಿಜವೆಂದೇ ನಂಬಿದ್ದಳು. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಅದಕ್ಕೇ. ಬೆಳಿಗ್ಗೆ ಎದ್ದ ಕೂಡಲೇ ಅಂಗೈಯಿಂದ ತಲೆ ಸವರಿ ನೋಡಿಕೊಳ್ಳುತ್ತಿದ್ದಳು. ಔಷಧಿ ನಿಂತು, ಹಕ್ಕಿಮರಿಗೆ ಬರುವಂಥ ತುಪ್ಪಳ ಬಂದಾಗ, ಅದಕ್ಕೇ ಎಣ್ಣೆ ಹಚ್ಚಿ, ಒಳ್ಳೆ ಬಟ್ಟೆ ಉಟ್ಟು ಅಂಗಡಿಗೆ ಹೋದಳು. ಕೌಂಟರಿನ ಹಿಂದೆ ಬೇರೆ ಹುಡುಗಿ ನಿಂತಿದ್ದಳು. ಸಾಹುಕಾರ ಅಮ್ಮನನ್ನು ನೋಡಿ, ಗುರುತೇ ಸಿಗದವನ ಹಾಗೆ ಫೋನು ಕಿವಿಗಿಟ್ಟುಕೊಂಡು ಒಳಗೆ ಹೋದ. ಅಮ್ಮ ಆ ದಿನ ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಕಾಯಿಲೆ ಮರಳಿ ಬಂದದ್ದು ಆಮೇಲೆ. ಹೋಗುವ ಮುಂಚೆ ಅವಳು ಕೇಳಿಕೊಂಡದ್ದು ಒಂದೇ, ಅಕ್ಕ ಮಾಡಿಕೊಟ್ಟ ಟೋಪಿಯನ್ನು ಕೊನೆಗಾದರೂ ಹಾಕಿ ಕಳಿಸಿ ಎಂದು. ಹಾಗೆಯೇ ಕಳಿಸಿದೆವು.

ಅಲ್ಲಿಗೆ ಅಮ್ಮನ ಕೂದಲು ಈ ಲೋಕದಲ್ಲಿ ಉಳಿದದ್ದು ಒಂದೇ ಕಡೆ, ಆ ಸಾಹುಕಾರನ ತಲೆಯ ಮೇಲೆ.

ಅವನು ವಾರ ತಪ್ಪದೆ ಬರುತ್ತಲೇ ಇದ್ದ. ದೊಡ್ಡಮ್ಮ ತೊಳೆಯುತ್ತಲೇ ಇದ್ದಳು. ನನಗೆ ಅವಳ ಮೇಲೂ ಕೆಟ್ಟ ಸಿಟ್ಟು. ಒಂದು ದಿನ ಅವನು ಓಣಿ ದಾಟಿದ್ದೇ ತಡ, ಪರದೆ ಎಳೆದು ಒಳಗೆ ನುಗ್ಗಿದೆ.

“ಆ ತಲೆ ಮುಟ್ಟೋಕೆ ನಿನಗೆ ಹೇಗೆ ಮನಸ್ಸು ಬರುತ್ತೆ ದೊಡ್ಡಮ್ಮ? ಅಂಟಿಗೆ ಮೆಣಸಿನ ಪುಡಿ ಬೆರೆಸೋಕಾಗಲ್ವಾ ನಿನಗೆ?”

“ಬೆರೆಸ್ಬಹುದು” ಎಂದಳು ಸೂಜಿಯಿಂದ ಕಣ್ಣೆತ್ತದೆ. “ಆಮೇಲೆ ಅವನು ಇನ್ನೊಬ್ಬರ ಹತ್ರ ಹೋಗ್ತಾನೆ. ಅವರು ಆ ಟೋಪಿನ ಕಿತ್ತು ಕಸಕ್ಕೆ ಎಸೀತಾರೆ. ನಿಮ್ಮಮ್ಮನ ಕೂದಲು ಕಣೇ ಅದು. ವಾರಕ್ಕೊಂದು ಸಲ ನನ್ನ ಕೈಗೆ ಬರುತ್ತೆ. ಬಿಸಿನೀರಲ್ಲಿ ತೊಳ್ದು ಬಾಚ್ತೀನಿ. ಚಿಕ್ಕೋಳಿದ್ದಾಗ ನಾನೇ ತಾನೆ ಅವಳಿಗೆ ಬಾಚ್ತಿದ್ದೋಳು?”

ಅವಳು ಬಲೆ ಸವೆದಾಗ ಬಲೆ ಬದಲಿಸುತ್ತಿದ್ದಳು. ಅವನು ಹೊಸದು ಮಾಡಿಕೊಡು ಎಂದರೆ, “ಇದು ನಿಮಗೆ ಒಪ್ಪಿದ ಹಾಗೆ ಬೇರೆ ಒಪ್ಪಲ್ಲ ಬಿಡಿ” ಎನ್ನುತ್ತಿದ್ದಳು. ಅವನು ಹಿಗ್ಗಿ ಹೀರೆಕಾಯಿಯಾಗಿ ಹೋಗುತ್ತಿದ್ದ.

ಹೀಗಿರುವಾಗ ವರ್ತಕರ ಸಂಘಕ್ಕೆ ಅದೇ ಸಾಹುಕಾರ ಅಧ್ಯಕ್ಷನಾದ. ಆದವನು ಸುಮ್ಮನಿರುತ್ತಾನೆಯೇ? ಕ್ಯಾನ್ಸರಿಗೆ ಹೊಸ ಔಷಧಿ ಹುಡುಕುವ ಸಂಶೋಧನಾ ಕೇಂದ್ರಕ್ಕೆ ಊರಿನ ವ್ಯಾಪಾರಸ್ಥರೆಲ್ಲ ಸೇರಿ ಹಣ ಕೂಡಿಸಿಕೊಡುವುದೆಂದು ಸಾರಿದ. ಒಳ್ಳೆಯ ಕೆಲಸವೇ, ನಾನು ಇಲ್ಲವೆನ್ನುವುದಿಲ್ಲ. ಜನರನ್ನು ಸೆಳೆಯಲು ಒಂದು ಉಪಾಯವನ್ನೂ ಹೂಡಿದ. ಹಣ ಗುರಿ ಮುಟ್ಟಿದರೆ ಸಂಘದ ಮುಖಂಡರು ವೇದಿಕೆಯ ಮೇಲೆ ಎಲ್ಲರೆದುರು ತಲೆ ಬೋಳಿಸಿಕೊಳ್ಳುತ್ತಾರೆ, ಕೊನೆಗೆ ಖುದ್ದು ಅಧ್ಯಕ್ಷರು. ಬೀದಿ ಬೀದಿಯಲ್ಲಿ ಬ್ಯಾನರು ಬಿತ್ತು. ‘ಕೂದಲು ಕೊಡೋಣ, ಕ್ಯಾನ್ಸರ್ ಓಡಿಸೋಣ’ ಎಂಬ ಮಾತಿನ ಪಕ್ಕದಲ್ಲಿ ಆಳೆತ್ತರದ ಸಾಹುಕಾರ, ಅವನ ತಲೆಯ ಮೇಲೆ ಮೊರದಗಲದ ಕ್ರಾಪು. ನಮ್ಮ ಅಂಗಡಿಯ ಎದುರಿನ ಕಂಬಕ್ಕೂ ಒಂದು ಕಟ್ಟಿದರು. ಬಾಗಿಲು ತೆಗೆದರೆ ಅಮ್ಮನ ಕೂದಲು ಕಾಣುತ್ತಿತ್ತು.

“ಊರಿಗೆಲ್ಲ ನುಣ್ಣಗೆ ಬೋಳಿಸಿದೋನು ಈಗ ತನ್ನ ತಲೆ ಬೋಳಿಸ್ಕೋತಾನಂತೆ” ಎಂದು ಟಯರ್ ಅಂಗಡಿಯವನು ನಕ್ಕ. ನಾನು ಮಾತ್ರ ತಲೆ ಕೆಡಿಸಿಕೊಂಡೆ. ಇಲ್ಲದ ಕೂದಲನ್ನು ಇವನು ಹೇಗೆ ಬೋಳಿಸಿಕೊಳ್ಳುತ್ತಾನೆ?

ಉತ್ತರವನ್ನು ಅವನೇ ಹಿಂಬಾಗಿಲಿನಿಂದ ತಂದ. ಪರದೆಯ ಈಚೆ ನಿಂತು ನಾನು ಎಲ್ಲವನ್ನೂ ಕೇಳಿಸಿಕೊಂಡೆ.

“ನೀವೇ ಬೋಳಿಸ್ಬೇಕು. ಹೆಣ್ಣುಮಗಳ ಕೈಯಲ್ಲಿ ಆದ್ರೆ ಫೋಟೋಗೂ ಚೆನ್ನಾಗಿರುತ್ತೆ ಅಂತ ಸಂಘದಲ್ಲಿ ಹೇಳಿದ್ದೀನಿ. ಬೇರೆಯವರದ್ದು ಮಾಮೂಲಿ. ನನ್ನ ಸರದಿ ಬಂದಾಗ ಮೆಷಿನ್ ಇದರ ಮೇಲೆ ಓಡಿಸಿ. ಕೂದಲು ರಾಶಿ ರಾಶಿ ಕೆಳಗೆ ಬೀಳೋದು ಎಲ್ಲರಿಗೂ ಕಾಣ್ಬೇಕು. ಆಮೇಲೆ ತಲೆ ಒರೆಸೋ ನೆಪದಲ್ಲಿ ಟವೆಲ್ ಮುಚ್ಚಿ, ಬಲೆ ಒಳಗಿಂದ ತೆಗೆದುಬಿಡಿ. ಹೇಗಿದೆ?”

ಎಂಥ ತಲೆ ನೋಡಿ! ಕ್ಯಾನ್ಸರಿಗಾಗಿ ಕೂದಲು ಕೊಟ್ಟ ಮಹಾನುಭಾವ ಎಂಬ ಹೆಸರು ಬರುತ್ತದೆ. ಬೋಳುತಲೆಗೆ ಗೌರವವೂ ಬರುತ್ತದೆ. ಮುಂದೆ ಟೋಪಿಯ ಕಾಟವೂ ಇಲ್ಲ, ಹಿಂಬಾಗಿಲಿನ ಕಾಟವೂ ಇಲ್ಲ.

ದೊಡ್ಡಮ್ಮ ಅವನನ್ನು ತಡೆಯಲು ನೋಡಿದಳು. “ಬೋಳಿಸೋಕೆ ಅಂತಲೇ ಬೇರೆ ಒಂದು ಮಾಡಿಕೊಡ್ತೀನಿ. ಇದು ಯಾಕೆ ಹಾಳು ಮಾಡೋದು?”

“ಬೇಡ ಬೇಡ. ಪ್ಲಾಸ್ಟಿಕ್ ಕೂದಲು ಕ್ಯಾಮೆರಾದಲ್ಲಿ ಫಳಫಳ ಅನ್ನುತ್ತೆ, ಸಿಕ್ಕಿಹಾಕ್ಕೋತೀವಿ. ಇದೇ ಇರ್ಲಿ. ಹಳೇದು ತಾನೆ? ಯಾವ ಸತ್ತೋರ ಕೂದಲೋ ಏನೋ. ಪುಡಿಪುಡಿ ಮಾಡಿ ಗುಡಿಸಿಹಾಕಿ.”

ಒಳಗಿನಿಂದ ದೊಡ್ಡಮ್ಮನ ದನಿ ಎಂದಿನಂತೆಯೇ ಬಂತು. “ಆಗ್ಲಿ ಸಾಹುಕಾರ್ರೆ.”

ಅವನು ಹೋದ ಮೇಲೆ ನಾನು ಬಾಯಿಗೆ ಬಂದಂತೆ ಅಂದೆ. ಅಮ್ಮನ ಕೂದಲನ್ನು ಊರಿನವರೆಲ್ಲ ತುಳಿದಾಡಲಿ ಎಂದು ಒಪ್ಪಿಕೊಂಡೆಯಾ, ನಿನಗೆ ತಂಗಿಗಿಂತ ಆ ಗಿರಾಕಿ ಹೆಚ್ಚಾದನೇ ಎಂದೆ. ಅವಳು ಎದ್ದು, ಮರದ ತಲೆಗಳ ಸಾಲಿನಲ್ಲಿ ಒಂದನ್ನು ತೆಗೆದು, ಧೂಳು ಒರೆಸಿ ಮೇಜಿನ ಮೇಲಿಟ್ಟಳು. ಅದು ಅಮ್ಮನ ಅಳತೆಯ ತಲೆ. “ಇದು ಖಾಲಿ ಇರ್ಲಿ. ಯಾವುದನ್ನೂ ಇದಕ್ಕೆ ಹಾಕ್ಬೇಡ” ಎಂದಳು.

ಕಾರ್ಯಕ್ರಮದ ದಿನ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ವೇದಿಕೆಯ ನಡುವೆ ನಮ್ಮ ಅಂಗಡಿಯ ಕುರ್ಚಿ, ಪಕ್ಕದಲ್ಲಿ ಮೆಷಿನ್, ಬಟ್ಟೆ, ಟವೆಲ್ಲುಗಳನ್ನು ಹಿಡಿದ ನಾನು. ಮುಂದಿನ ಸಾಲಿನಲ್ಲಿ, ಚಿಕಿತ್ಸೆಯಲ್ಲಿದ್ದ ಕೆಲವು ಹೆಂಗಸರನ್ನು ತಲೆಗೆ ಕಟ್ಟಿದ ಬಟ್ಟೆಯ ಸಮೇತ ಕೂರಿಸಿದ್ದರು, ಎಲ್ಲರಿಗೂ ಕಾಣಲಿ ಎಂದು. ವೇದಿಕೆಯ ಇನ್ನೊಂದು ಪಕ್ಕದಲ್ಲಿ ಸಂಶೋಧನಾ ಕೇಂದ್ರದಿಂದ ಬಂದಿದ್ದ ಡಾಕ್ಟರಮ್ಮ, ಅವರ ಎದುರಿಗೆ ಹಣದ ಪೆಟ್ಟಿಗೆ.

ಮೊದಲು ಕೂತವನು ಹಾರ್ಡ್‌ವೇರ್ ಅಂಗಡಿಯವನು. ಅವನ ಹೆಂಡತಿ ಇದೇ ಕಾಯಿಲೆಯಲ್ಲಿ ತೀರಿಕೊಂಡಿದ್ದಳು. ಮೆಷಿನ್ ತಲೆಗೆ ತಾಗಿದ ಕೂಡಲೇ ಆ ದೊಡ್ಡ ಮನುಷ್ಯ ಮಗುವಿನ ಹಾಗೆ ಅತ್ತುಬಿಟ್ಟ. ದೊಡ್ಡಮ್ಮ ಮೆಷಿನ್ ನಿಲ್ಲಿಸಿ, ಅವನ ಭುಜ ಹಿಡಿದು ನಿಂತಿದ್ದು, ಆಮೇಲೆ ಮುಂದುವರಿಸಿದಳು. ಹಿಂದೆಯೇ ಪ್ರೆಸ್ಸಿನ ಮಾಲೀಕ, ಔಷಧಿ ಅಂಗಡಿಯವನು, ಲಾರಿಗಳ ಧಣಿ ಬಂದು ಕೂತರು. ಅವರದೆಲ್ಲ ನಿಜವಾದ ಕೂದಲು, ನಿಜವಾದ ಮನಸ್ಸು. ಅವರನ್ನು ಅವಳು ಎಷ್ಟು ಹಗುರ ಕೈಯಿಂದ ಬೋಳಿಸಿದಳೆಂದರೆ ಒಬ್ಬರ ತಲೆಯಲ್ಲೂ ಗೀರು ಬೀಳಲಿಲ್ಲ.

ಸಾಹುಕಾರನ ಸರದಿ ಬಂದಾಗ ದೊಡ್ಡಮ್ಮ ನಿರೂಪಣೆ ಮಾಡುತ್ತಿದ್ದವರ ಹತ್ತಿರ ಹೋಗಿ, “ಮೊದ್ಲು ಆ ಪೆಟ್ಟಿಗೆ ಡಾಕ್ಟರಮ್ಮನ ಕೈಗೆ ಕೊಟ್ಟುಬಿಡಿ. ಕೂದಲೆಲ್ಲ ಹಾರಾಡುತ್ತೆ, ಅದರ ಮೇಲೆ ಬೀಳೋದು ಬೇಡ” ಎಂದಳು. ಪೆಟ್ಟಿಗೆಗೆ ಬೀಗ ಬಿತ್ತು, ಚಪ್ಪಾಳೆಯೊಂದಿಗೆ ಡಾಕ್ಟರಮ್ಮನ ಮಡಿಲು ಸೇರಿತು. ನಾನು ದೊಡ್ಡಮ್ಮನ ಮುಖ ನೋಡಿದೆ. ಕೂದಲು ಹಾರುವುದಕ್ಕೆ ಅವಳು ಯಾವತ್ತು ಹೆದರಿದ್ದಾಳೆ?

ಸಾಹುಕಾರ ಕುರ್ಚಿಯಲ್ಲಿ ಕೂತು, ಮೈಕು ಕೈಗೆ ತೆಗೆದುಕೊಂಡ. ದೊಡ್ಡಮ್ಮ ಅವನ ಕುತ್ತಿಗೆಗೆ ಬಟ್ಟೆ ಕಟ್ಟಿ, ಒದ್ದೆ ಟವೆಲ್ಲಿನಿಂದ ಹಣೆ, ಕಿವಿಯ ಬದಿ, ಕತ್ತು ಒರೆಸತೊಡಗಿದಳು. ಅವನ ಭಾಷಣ ಶುರುವಾಯಿತು.

“ಈ ಕಾಯಿಲೆ ನನಗೆ ಹೊಸದಲ್ಲ. ನಮ್ಮ ಅಂಗಡಿಯಲ್ಲೇ ಒಬ್ಬ ತಾಯಿ ಕೆಲಸ ಮಾಡ್ತಿದ್ರು. ಪಾಪ, ಕೂದಲೆಲ್ಲ ಹೋಗಿತ್ತು. ನಾನೇ ಹೇಳಿದೆ, ಮನೇಲಿ ಆರಾಮಾಗಿರಮ್ಮ, ನಿನ್ನ ಜಾಗ ನಿನಗೇ ಅಂತ. ಕೊನೆ ಉಸಿರಿನ ತನಕ ನಾನು ಅವರ ಕೈ ಬಿಡ್ಲಿಲ್ಲ. ಇವತ್ತು ನನ್ನ ಈ ಕೂದಲನ್ನ ಆ ತಾಯಿಗೆ ಅರ್ಪಿಸ್ತಾ ಇದ್ದೀನಿ!”

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಕೆಲವರು ಕಣ್ಣೊರೆಸಿಕೊಂಡರು. ಕೊಂದಂತೆ ಮಾಡಿದವನೇ ಅವಳ ಹೆಸರಿನಲ್ಲಿ ಚಪ್ಪಾಳೆ ಗಿಟ್ಟಿಸಿಕೊಳ್ಳುತ್ತಿದ್ದ. ಕೈಯಲ್ಲಿದ್ದ ಟವೆಲ್ಲುಗಳನ್ನು ಅವನ ಮುಖಕ್ಕೆ ಎಸೆಯಬೇಕೆನಿಸಿತು. ಅಷ್ಟರಲ್ಲಿ ಮೂಗಿಗೆ ಒಂದು ಘಾಟು ಬಡಿಯಿತು. ನನಗೆ ಅದು ಪರಿಚಯದ ಘಾಟೇ. ದೊಡ್ಡಮ್ಮನ ಟವೆಲ್ಲಿನಲ್ಲಿ ಇದ್ದದ್ದು ನೀರಲ್ಲ, ಅಂಟು ಬಿಡಿಸುವ ಎಣ್ಣೆ. ಅವನು ಭಾಷಣ ಬಿಗಿಯುತ್ತಿದ್ದಷ್ಟು ಹೊತ್ತೂ ಅವಳು ಅಂಚು ಬಿಡಿಸುತ್ತಿದ್ದಳು.

ಅವಳು ಮೆಷಿನ್ ಹಚ್ಚಿದಳು. ಗುಂಯ್ ಎಂದಿತು. ಸಾಹುಕಾರ ಕಣ್ಣು ಮುಚ್ಚಿ, ಕ್ಯಾಮೆರಾಗಳ ಕಡೆ ಮುಖ ಎತ್ತಿದ. ಅವಳು ಮೆಷಿನ್ ಆರಿಸಿ ನನ್ನ ಕೈಗೆ ಕೊಟ್ಟಳು. ಎರಡು ಬೆರಳನ್ನು ಅವನ ಹಣೆಯ ಅಂಚಿಗೆ ತೂರಿಸಿ, ಪಾತ್ರೆಯ ಮುಚ್ಚಳ ತೆಗೆದಷ್ಟು ಸಲೀಸಾಗಿ ಟೋಪಿಯನ್ನು ಮೇಲೆತ್ತಿದಳು. ಎತ್ತುವಾಗ ಅವಳ ತುಟಿ ಏನೋ ಅಂದದ್ದು ಕಂಡಿತು, ಕೇಳಿಸಲಿಲ್ಲ. ಅಮ್ಮನ ಕೂದಲು ಒಂದೂ ಕೊಂಕದೆ ಅವಳ ಕೈಗೆ ಬಂತು. ವೇದಿಕೆಯ ದೀಪಗಳು ಸಾಹುಕಾರನ ನೆತ್ತಿಯ ಮೇಲೆ ಫಳ್ ಎಂದವು.

ತಲೆಗೆ ಗಾಳಿ ಸೋಕಿದ ಮೇಲೆ ಅವನು ಕಣ್ಣು ಬಿಟ್ಟ. ಕೈ ಮೇಲಕ್ಕೆ ಹೋಗಿ, ನುಣ್ಣಗೆ ಜಾರಿತು.

“ಏಯ್! ಹಾಕು ಅದನ್ನ! ದುಡ್ಡು ಕೊಟ್ಟಿದ್ದೀನಿ ಅದಕ್ಕೆ!”

ಮೈಕು ಇನ್ನೂ ಅವನ ಬಾಯಿಯ ಹತ್ತಿರವೇ ಇತ್ತು. ಕೊನೆಯ ಸಾಲಿನ ಕಿವುಡರಿಗೂ ಕೇಳಿಸಿತು.

“ಕೊಟ್ಟಿದ್ದೀರಿ” ಎಂದಳು ದೊಡ್ಡಮ್ಮ, ಆ ಮೈಕಿನ ಕಡೆಗೇ ಬಾಗಿ. “ಯಾರ ಕೂದಲು ಅಂತ ಕೇಳ್ಲಿಲ್ಲ ಅಷ್ಟೇ. ಈಗ ಹೇಳಿದ್ರಲ್ಲ, ಕೈ ಬಿಡ್ಲಿಲ್ಲ ಅಂತ ಒಬ್ಬ ತಾಯಿ ಕತೆ? ಇದು ಅವಳ ಕೂದಲು. ಅವಳು ನನ್ನ ತಂಗಿ. ಇದನ್ನ ನೆತ್ತಿ ಮೇಲೆ ಹೊತ್ಕೊಂಡೇ ನೀವು ಅವಳನ್ನ ಕೆಲಸದಿಂದ ಓಡಿಸಿದ್ರಿ.”

ಅವನ ಮುಖ ಬಿಳಿಚಿತು. ಊರಿನ ಮುಂದೆ, ತನ್ನದೇ ಅಂಗಡಿಯ ನೌಕರರ ಮುಂದೆ, ಕುರ್ಚಿಯಿಂದ ಏಳಲೂ ಆಗದೆ, ಕೂರಲೂ ಆಗದೆ, ಕತ್ತಿಗೆ ಬಟ್ಟೆ ಕಟ್ಟಿಸಿಕೊಂಡು ಒದ್ದಾಡಿದ. ನನಗೆ ಕರುಣೆ ಬಂತೆಂದು ಯಾರಾದರೂ ತಿಳಿದಿದ್ದರೆ, ಬರಲಿಲ್ಲ. ಆ ನೋಟವನ್ನು ಕಣ್ತುಂಬ ನೋಡಿದೆ. ಅಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ದಿನವನ್ನು ನೆನೆದು ಇನ್ನೂ ಚೆನ್ನಾಗಿ ನೋಡಿದೆ.

“ಬೋಳಿಸಿಬಿಡಿ... ಏನಾದ್ರೂ ಮಾಡಿ... ಮುಗಿಸಿಬಿಡಿ” ಎಂದು ಅವನು ಹಲ್ಲು ಕಚ್ಚಿಕೊಂಡು ಗೊಣಗಿದ. ಗಾಬರಿಯಲ್ಲಿ ಏನು ಹೇಳುತ್ತಿದ್ದೇನೆಂದೇ ಅವನಿಗೆ ತಿಳಿಯಲಿಲ್ಲ. ಅದೂ ಮೈಕಿನಲ್ಲೇ ಹೋಯಿತು.

ದೊಡ್ಡಮ್ಮ ಒಂದು ಕೈಯಲ್ಲಿ ಟೋಪಿಯನ್ನು ಎದೆಗೆ ಒತ್ತಿಕೊಂಡು, ಇನ್ನೊಂದು ಕೈಯಿಂದ ಅವನ ನೆತ್ತಿಯನ್ನು ಸಾವಕಾಶವಾಗಿ, ಹಿಂದಿನಿಂದ ಮುಂದಕ್ಕೆ ಸವರಿ ನೋಡಿದಳು. ಅಮ್ಮ ಬೆಳಿಗ್ಗೆ ಸವರಿಕೊಳ್ಳುತ್ತಿದ್ದಳಲ್ಲ, ಥೇಟ್ ಹಾಗೆ.

“ಏನು ಬೋಳಿಸ್ಲಿ? ಕೂದಲು ಬಂದ ಮೇಲೆ ಬಾ.”

ಬನ್ನಿ ಅನ್ನಲಿಲ್ಲ. ಬಾ ಅಂದಳು. ಇಷ್ಟು ವರ್ಷ ಸಾಹುಕಾರ್ರೆ ಎಂದು ಕರೆದ ಬಾಯಿ ಊರಿನೆದುರು ಅವನನ್ನು ಏಕವಚನಕ್ಕೆ ಇಳಿಸಿತು.

ಮೊದಲು ನಕ್ಕವಳು ಮುಂದಿನ ಸಾಲಿನಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದ ಒಬ್ಬ ಹೆಂಗಸು. ಬಾಯಿಗೆ ಕೈ ಅಡ್ಡ ಹಿಡಿದು ತಡೆಯಲು ನೋಡಿದಳು, ಆಗಲಿಲ್ಲ. ಅವಳ ಪಕ್ಕದವಳು ನಕ್ಕಳು, ಆಮೇಲೆ ಆ ಸಾಲಿಗೆ ಸಾಲೇ ನಕ್ಕಿತು. ಸಭಾಂಗಣದ ಸೂರು ಹಾರಿಹೋಗುವಂತೆ ಆ ನಗು ಏಳುತ್ತಿದ್ದಾಗ ದೊಡ್ಡಮ್ಮ ನನಗೆ ಸನ್ನೆ ಮಾಡಿ ವೇದಿಕೆ ಇಳಿದಳು. ಕುರ್ಚಿಯನ್ನು ಅಲ್ಲೇ ಬಿಟ್ಟು ಬಂದೆವು. ಮರುದಿನ ಹಾರ್ಡ್‌ವೇರ್ ಅಂಗಡಿಯವನು ತಾನೇ ಹೊತ್ತು ತಂದು ಇಟ್ಟುಹೋದ. ಈಗ ಸಂಘಕ್ಕೆ ಅವನೇ ಅಧ್ಯಕ್ಷ.

ಸಾಹುಕಾರ ಇವತ್ತಿಗೂ ವ್ಯಾಪಾರ ಮಾಡುತ್ತಾನೆ, ಗಲ್ಲಾದ ಹಿಂದಿನ ಒಳಕೋಣೆಯಲ್ಲಿ ಕೂತು. ಕೌಂಟರಿನ ಕಡೆ ಬರುವುದಿಲ್ಲ. ಗಿರಾಕಿಗಳಿಗೆ ಏನೇನೋ ನೆನಪಾಗುತ್ತದಲ್ಲ.

ನಮಗೂ ಪೆಟ್ಟು ಬಿತ್ತು, ಅದನ್ನು ಮುಚ್ಚಿಡುವುದಿಲ್ಲ. ಹಿಂಬಾಗಿಲಿನ ಗಿರಾಕಿಗಳು ಒಬ್ಬೊಬ್ಬರಾಗಿ ಜಾರಿಕೊಂಡರು. ಯಾರು ತಾನೆ ಬರುತ್ತಾರೆ, ನಾಳೆ ತಮ್ಮದನ್ನೂ ಎತ್ತಿಬಿಟ್ಟರೆ? ಕಪಾಟಿನಲ್ಲಿ ಮರದ ತಲೆಗಳು ಬರಿದಾಗಿ ಕೂತವು. ದೊಡ್ಡಮ್ಮ ಸೂಜಿ ಹಿಡಿದು ಕಿಟಕಿ ನೋಡುತ್ತ ಕೂರುವುದನ್ನು ಕಂಡು ನನಗೆ ಸಂಕಟವಾಗುತ್ತಿತ್ತು. ಅವಳ ನಿಯಮ ಅವಳಿಗೆ ಸಣ್ಣದಾಗಿರಲಿಲ್ಲ. ಒಂದು ದಿನ ನಿವೃತ್ತರಾದ ಮೇಷ್ಟ್ರೊಬ್ಬರು ಹಿಂಬಾಗಿಲು ತಟ್ಟಿ, ಒಳಗೆ ಬರದೆ, ಹೊಸ್ತಿಲಾಚೆ ನಿಂತೇ ಕೇಳಿದರು. “ಏನಮ್ಮ, ನನ್ನದನ್ನೂ ಜನರ ಮುಂದೆ ಎಳೀತೀಯೇನು?”

“ನೀವು ಕೂದಲಿಲ್ಲ ಅಂತ ಯಾರನ್ನಾದ್ರೂ ಮನೇಗೆ ಕಳಿಸಿದ್ದೀರಾ ಮೇಷ್ಟ್ರೇ?”

“ಇಲ್ಲಪ್ಪ.”

“ಹಾಗಿದ್ರೆ ಬಂದು ಕೂತ್ಕೊಳ್ಳಿ” ಎಂದಳು. ಮೇಷ್ಟ್ರು ಬಂದು ಕೂತರು. ಉಳಿದವರು ಇನ್ನೂ ಬಂದಿಲ್ಲ.

ಸಭಾಂಗಣದಿಂದ ಬಂದ ದಿನ ಅವಳು ಬಟ್ಟೆ ಕೂಡ ಬದಲಿಸದೆ ನೀರು ಕಾಯಿಸಿದಳು. ಟೋಪಿಯ ಅಂಚಿನ ಅಂಟನ್ನೆಲ್ಲ ಉಗುರಿನಿಂದ ಬಿಡಿಸಿ, ಸಾಹುಕಾರನ ಸೆಂಟಿನ ವಾಸನೆ ಹೋಗುವ ತನಕ ಮತ್ತೆ ಮತ್ತೆ ತೊಳೆದಳು. ಟವೆಲ್ಲಿನಲ್ಲಿ ಒತ್ತಿ ಒಣಗಿಸಿ, ಮೇಜಿನ ಮೇಲೆ ಖಾಲಿ ಇಟ್ಟಿದ್ದ ಮರದ ತಲೆಗೆ ಹಾಕಿ, ಬಾಚಣಿಗೆ ತೆಗೆದುಕೊಂಡಳು. ಗಂಡಸಿನ ಕ್ರಾಪಾಗಿ ಕೂತಿದ್ದ ಕೂದಲನ್ನು ಬೈತಲೆ ಬದಲಿಸಿ, ಅಮ್ಮ ತೆಗೆಯುತ್ತಿದ್ದ ಕಡೆಗೆ ತೆಗೆದಳು. ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ.

“ದೊಡ್ಡಮ್ಮ, ಎತ್ತುವಾಗ ಏನೋ ಅಂದೆಯಲ್ಲ. ಅವನಿಗೆ ಏನಂದೆ?”

“ಅವನಿಗಲ್ಲ, ನಿಮ್ಮಮ್ಮನಿಗೆ ಅಂದಿದ್ದು” ಎಂದಳು. ಬಾಚಣಿಗೆ ನಿಲ್ಲಲಿಲ್ಲ, ಕಣ್ಣಿನಿಂದ ನೀರು ಇಳಿಯುತ್ತಿತ್ತು. “ಅವನ ತಲೆ ಮೇಲೆ ಕೂತಿದ್ದು ಸಾಕು ಕಣೇ, ಇಳಿ ಅಂದೆ.”